ಪಾಲು ಪಟ್ಟಿ ಅಳಿಸಿ ಹೋದ ದಿನ

ಹೋದ ಸಲ ಹಿತ್ಕಿದ ಅವರೆಬೇಳೆ ಸಾರು ಬರ್ದಿದ್ದೆ. ಅದ್ನ ಓದಿ ಚಿಂತಾಮಣಿ ಅತ್ತಿಗೆ ಫೋನ್ ಮಾಡಿ, ‘ಬೆಳ್ಳುಳ್ಳಿ ಯಾವಾಗ ಹಾಕ್ಬೇಕು ಅಂತಾನೇ ಬರ್ದಿಲ್ವಲ್ಲೇ’ ಅಂತ ಬೈದ್ರು. ಒಗ್ಗರಣೆಗೆ ಹಾಕಿ ಅತ್ತಿಗೆ, ಜಜ್ಜಿ ಹಾಕಿ. ಈ ಸಲ ಅಡುಗೆ ಇಲ್ಲ. ನಮ್ಮನೆ ಹಳೇ ಲ್ಯಾಪ್‌ಟಾಪ್ ಕಥೆ ಹೇಳ್ತೀನಿ. ‘ಅಯ್ಯೋ ನಮ್ಗ್ಯಾಕೆ’ ಅಂತ ಮುಂದಕ್ಕೆ ಹೋಗ್ಬೇಡಿ. ನಿಮ್ಮನೇಲೂ ಯಾವ್ದೋ ಒಂದು ಡಬ್ಬದೊಳ್ಗೆ ಮದ್ವೆ ಫೋಟೋನೋ, ಸತ್ತೋದೋರ ದನೀನೋ ಇದ್ದೇ ಇರ್ತದೆ.

ಈ ಲ್ಯಾಪ್‌ಟಾಪ್ ತಂದಿದ್ದು 2011ರಲ್ಲಿ, ಮಗ ಓದ್ತಿದ್ದಾಗ. ಅವ್ನು ಕೆಲ್ಸಕ್ಕೆ ಸೇರಿ ಬೇರೆ ತಗೊಂಡ್ಮೇಲೆ ಅದು ನಂದಾಯ್ತು. ಬೀದಿಯೋರ ಪೆನ್ಷನ್ ಅರ್ಜಿ, ಅಕ್ಕಪಕ್ಕದ ಮಕ್ಕಳ ಸ್ಕಾಲರ್‌ಶಿಪ್ ಫಾರಂ, ನಮ್ಮನೆ ಚೀಟಿ ಲೆಕ್ಕ, ಎಲ್ಲಾ ಅದ್ರಲ್ಲೇ. ಒಳಗಿದ್ದಿದ್ದು ವಿಂಡೋಸ್ 7. ಅದಕ್ಕೆ ಕಂಪ್ನಿಯೋರು 2020ರ ಜನವರಿ 14ಕ್ಕೇ ಕೈ ತೊಳ್ಕೊಂಡ್ರು. ಹೋದ ಮಳೆಗಾಲದ ಹೊತ್ಗೆ ಅದು ಹೆಂಗಾಗಿತ್ತು ಅಂದ್ರೆ, ಬೆಳಿಗ್ಗೆ ಬಟನ್ ಒತ್ತಿ, ಹಿಟ್ಟು ತೊಳಸಿ, ಮುದ್ದೆ ಕಟ್ಟಿ ಬಂದ್ರೂ ಇನ್ನೂ ಸುತ್ತಾನೇ ಇರೋದು.

ಮಗ ಅಂದ, ‘ಅಮ್ಮ, ಡಿಸ್ಕ್ ಮುದಿಯಾಗೈತೆ. ಹೊಸ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಬದ್ಲು ಡೆಬಿಯನ್ ಲಿನಕ್ಸ್ ಹಾಕಣ. ಇನ್ನೂ ಐದಾರು ವರ್ಷ ಬರ್ತದೆ.’ 240 ಜಿಬಿದು ಒಂದು ತಂದ. ಹಳೇದು 320 ಜಿಬಿದು. ಅದ್ನ ಹಾಕ್ಕೊಳೋಕೆ ಒಂದು ಯುಎಸ್‌ಬಿ ಡಬ್ಬೀನೂ ತಂದ. ಅವ್ನ ಲೆಕ್ಕ ಸರ್ಯಾಗೇ ಇತ್ತು. ಮೊದ್ಲು ಹಳೇದನ್ನ ಬಿಚ್ಚಿ ಈಚೆಗೆ ತೆಗಿಯೋದು, ಹೊಸ್ದನ್ನ ಒಳಗೆ ಕೂರ್ಸೋದು. ಹೊಸದ್ರಲ್ಲಿ ಎಲ್ಲಾ ಸರಿ ಆದ್ಮೇಲೆ ಹಳೇದನ್ನ ಡಬ್ಬೀಲಿ ಚುಚ್ಚಿ ಫೋಟೋ ಗೀಟೋ ಎಲ್ಲಾ ಕಾಪಿ ಮಾಡ್ಕೊಳೋದು. ಅಲ್ಲೀವರ್ಗೂ ಹಳೇದನ್ನ ಯಾರೂ ಮುಟ್ಟೋ ಹಂಗಿಲ್ಲ.

ಆದ್ರೆ ಅವ್ನಿಗೆ ಟೈಮೆಲ್ಲಿ? ನಮ್ಮೂರ ಗಂಡುಮಕ್ಕಳ ಪಾಡು ನಿಮ್ಗೆ ಗೊತ್ತಲ್ಲ. ಕತ್ಲಲ್ಲೇ ಎದ್ದು ಮಾರಿಕುಪ್ಪಂ ರೈಲು ಹಿಡ್ದು, ಬಂಗಾರಪೇಟೆ, ಟೇಕಲ್, ಮಾಲೂರು ದಾಟಿ ಬೆಂಗ್ಳೂರು ಸೇರೋದು. ವಾಪಸ್ ಬರೋ ಹೊತ್ಗೆ ರಾತ್ರಿ ಊಟದ ಹೊತ್ತು. ಗಣಿ ಇದ್ದಾಗ ಜನ ಭೂಮಿ ಒಳೀಕೆ ಇಳಿಯೋರು, ಈಗ ರೈಲೊಳ್ಗೆ ಇಳೀತಾರೆ, ಅಷ್ಟೇ ಯತ್ವಾಸ. ಅದಕ್ಕೇ ನಾನು, ‘ನೀನು ಬರ್ಕೊಡೋ, ನಾನೇ ಮಾಡ್ತೀನಿ’ ಅಂದೆ. ಹಳೇ ಕ್ಯಾಲೆಂಡರ್ ಹಾಳೆ ಹಿಂದ್ಗಡೆ ನಂಬರ್ ಹಾಕಿ ಬರ್ಕೊಟ್ಟ. ಆ ಹಾಳೇನ ಫ್ರಿಜ್ ಮೇಲೆ ಅಂಟ್ಸಿದ್ದೆ.

ಚಿತ್ರ ಒತ್ತೋ ಇನ್‌ಸ್ಟಾಲರ್ ನಮ್ ಮಿಷನ್‌ಗೆ ಆಗ್ಲಿಲ್ಲ. 2 ಜಿಬಿ ರ‍್ಯಾಮು, ಅರ್ಧಕ್ಕೇ ನಿಂತೋಗೋದು. ಅದಕ್ಕೆ ಕಪ್ಪು ಪರದೆ, ಬಿಳೀ ಅಕ್ಷರ. ಒಂದೊಂದು ಸಾಲು ಟೈಪ್ ಮಾಡಿ ಎಂಟರ್ ಒತ್ತೋದು. ಹೆದರ್ಕೋಬೇಡಿ, ಪಾಸ್‌ಬುಕ್ ಎಂಟ್ರಿ ಹಾಕ್ಸೋದಕ್ಕಿಂತ ಸಲೀಸು. ಒಂದೇ ಕಷ್ಟ. ನೀವು ಹೇಳಿದ್ದನ್ನ ಅದು ಮಾಡ್ಬಿಡ್ತದೆ.

ಈಗ ಡಿಸ್ಕ್ ಅಂದ್ರೇನು ಅಂತ ಒಂಚೂರು ಹೇಳ್ಬೇಕು, ಇಲ್ದಿದ್ರೆ ನಾನು ಏನ್ ಕೆಡಿಸ್ದೆ ಅಂತ ತಿಳಿಯಲ್ಲ.

ನಮ್ ತಾತನ ಜಮೀನು ಬೇತಮಂಗಲದ ಕಡೆ. ನಾಕು ಜನ ಮಕ್ಕಳಿಗೆ ನಾಕು ಪಾಲಾಯ್ತು. ಜಮೀನು ಒಂದೇ, ಆದ್ರೆ ಕಾಗದದಲ್ಲಿ ಇಲ್ಲಿಂದ ಇಲ್ಲೀಗಂಟ ದೊಡ್ಡೋಂದು, ಇಲ್ಲಿಂದ ಅಲ್ಲೀಗಂಟ ಎರಡ್ನೆಯೋಂದು ಅಂತ ಬರ್ದಿರ್ತದೆ. ಡಿಸ್ಕೂ ಹಂಗೇ. ಇಡೀ ಡಿಸ್ಕ್ ಒಂದೇ ಬಯಲು. ‘ಸಿ ಡ್ರೈವ್, ಡಿ ಡ್ರೈವ್’ ಅಂತೀವಲ್ಲ, ಅವು ಪಾಲುಗಳು. ಪಾರ್ಟಿಷನ್ ಅಂತಾರೆ. ಆ ಪಾಲು ಪಟ್ಟಿ ಎಲ್ಲಿರ್ತದೆ? ಡಿಸ್ಕಿನ ಮೊಟ್ಟಮೊದಲ್ನೇ ತುಂಡಲ್ಲಿ. ಆ ತುಂಡು ಎಷ್ಟು ಗೊತ್ತಾ? ಬರೀ 512 ಬೈಟು. ನಾನೀಗ ಬರೀತಿರೋ ಈ ಒಂದು ಪ್ಯಾರಾ ಕೂಡ ಅದ್ರಲ್ಲಿ ಹಿಡಿಯಲ್ಲ.

ಆ 512ರಲ್ಲಿ ಮೊದಲ 446 ಬೈಟು ಮಿಷನ್ ಎಬ್ಬಿಸೋ ಪುಟಾಣಿ ಪ್ರೋಗ್ರಾಂ. ಆಮೇಲೆ 64 ಬೈಟು ಪಾಲು ಪಟ್ಟಿ. ಒಂದ್ ಪಾಲಿಗೆ 16 ಬೈಟಿನ ಹಂಗೆ ನಾಕೇ ಸಾಲು, ನಾಕೇ ಮುಖ್ಯ ಪಾಲು. ಕೊನೇಗೆ ಎರಡು ಬೈಟು ಮೊಹರು. ಮೊಹರು ಸರಿ ಇದ್ರೆ ಮಾತ್ರ ಮಿಷನ್ ಅದ್ನ ನಂಬೋದು. ಇದಕ್ಕೆ ಎಂಬಿಆರ್ ಅಂತ ಹೆಸ್ರು. 1983ರಲ್ಲಿ ಐಬಿಎಂ ಪಿಸಿಗೆ ಹಾರ್ಡ್ ಡಿಸ್ಕ್ ಬಂದಾಗ ಮಾಡಿದ ಏರ್ಪಾಟು. ಈಗಿನ ಹೊಸ ಮಿಷನ್‌ಗಳಲ್ಲಿ ಜಿಪಿಟಿ ಅಂತ ಬೇರೆ ಪಟ್ಟಿ ಐತೆ. ಅದ್ರಲ್ಲಿ ಸಾಮಾನ್ಯವಾಗಿ 128 ಪಾಲು ಬರೀಬೋದು, ಪಟ್ಟಿದು ಇನ್ನೊಂದು ನಕಲು ಡಿಸ್ಕಿನ ಕೊನೇಲೂ ಇರ್ತದೆ. ನಮ್ಮ ಮುದ್ಕೀಗೆ ಅಂಥಾ ಭಾಗ್ಯ ಇಲ್ಲ. ಅದಕ್ಕೆ ಒಂದೇ ಪಟ್ಟಿ.

ಲಿನಕ್ಸಲ್ಲಿ ಡಿಸ್ಕುಗಳಿಗೆ ಹೆಸ್ರು ಬರೋದು ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಅಂತ. ಅದು ಡಿಸ್ಕ್ ಹೆಸ್ರಲ್ಲ, ಸರದಿ ಹೆಸ್ರು. ನೀರಿನ ಟ್ಯಾಂಕರ್ ಬಂದಾಗ ಕೊಡ ಇಡ್ತೀವಲ್ಲ, ಮೊದಲ್ನೇದು, ಎರಡ್ನೇದು ಅಂತ. ಮೊದಲ್ನೇದು ಅಂದ್ರೆ ಯಾರ ಕೊಡ? ಅವತ್ತು ಯಾರು ಮೊದ್ಲು ಇಟ್ರೋ ಅವ್ರದ್ದು.

ಮಗ ಹಾಳೇಲಿ ಎಲ್ಲಾ ಕಡೆ ‘ಎಸ್‌ಡಿಎ’ ಅಂತ ಬರ್ದಿದ್ದ. ಒಳಗಿರೋ ಡಿಸ್ಕ್ ಅಂತ ಅರ್ಥ. ಒಳಗೆ ಹೊಸ್ದು ಇರ್ತದೆ ಅನ್ನೋದು ಅವ್ನ ಲೆಕ್ಕ.

ಅವತ್ತು ಬುಧವಾರ. ಕೆಳ್ಗಡೆ ಮುಚ್ಚಳ ಬಿಚ್ಚೋಕೆ ಹೋದೆ. ಏಳು ಸ್ಕ್ರೂನಲ್ಲಿ ಆರು ಬಂತು. ಏಳನೇದು ತಲೆ ಸವೆದೋಗಿ ತಿರುಗ್ತಾ ಐತೆ, ಬರಲ್ಲ. ಚಾಕು ತುದೀಲಿ ನೋಡ್ದೆ, ಇಕ್ಕಳದಲ್ಲಿ ನೋಡ್ದೆ. ಆಗ ನನ್ ಬುದ್ಧಿ ಏನ್ ಹೇಳ್ತು ಗೊತ್ತಾ? ‘ಒಳಗಾದ್ರೇನು ಹೊರಗಾದ್ರೇನು, ಹೊಸ್ದನ್ನ ಯುಎಸ್‌ಬಿ ಡಬ್ಬೀಲಿ ಹಾಕಿ ಪಾಲು ಮಾಡಿ ಮಡಗಣ, ಸ್ಕ್ರೂ ಆಮೇಲೆ ನೋಡ್ಕೊಳಣ.’ ಸರಿ, ಆರು ಸ್ಕ್ರೂ ವಾಪಸ್ ಹಾಕ್ದೆ. ಡೆಬಿಯನ್ ಇರೋ ಪೆನ್‌ಡ್ರೈವ್ ಚುಚ್ಚಿ ಮಿಷನ್ ಎಬ್ಬಿಸ್ದೆ. ಹೊಸ್ದನ್ನ ಪಕ್ಕದಲ್ಲಿ ಚುಚ್ಚಿದೆ. ಫ್ರಿಜ್ ಮೇಲಿನ ಹಾಳೆ ಕಿತ್ಕೊಂಡ್ ಬಂದು ಒಂದೊಂದೇ ಸಾಲು ಟೈಪ್ ಮಾಡ್ದೆ.

‘ಎಫ್‌ಡಿಸ್ಕ್’ ಅಂತ ಹೊಡ್ದು ಪಕ್ಕದಲ್ಲಿ ಎಸ್‌ಡಿಎ. ಆಮೇಲೆ ‘ಒ’ ಅಕ್ಷರ, ಅಂದ್ರೆ ಹೊಸಾ ಖಾಲಿ ಪಟ್ಟಿ. ‘ಎನ್’ ಅಂದ್ರೆ ಹೊಸ ಪಾಲು. ಮೊದಲ್ನೇದು 40 ಜಿಬಿ. ಅಷ್ಟೊತ್ಗೆ ಅದೊಂದು ಪ್ರಶ್ನೆ ಕೇಳ್ತು: ಒಂದನೇ ಪಾಲಲ್ಲಿ ಎನ್‌ಟಿಎಫ್‌ಎಸ್ ಸಿಗ್ನೇಚರ್ ಐತೆ, ತೆಗೆದಾಕ್ಲಾ? ಸಿಗ್ನೇಚರ್ ಅನ್ನೋ ಪದ ನೋಡಿ ನಂಗೆ ಒಂಥರಾ ಆಯ್ತು. ನಮ್ಮನೇಲಿ ಸೈನು ಅಂದ್ರೆ ಎಲ್ಲಾರೂ ಹೆದ್ರೋರೇ. ಗಣಿ ಮುಚ್ಚೋ ಕಾಲದಲ್ಲಿ ಅಪ್ಪ ಒಂದು ಕಾಗದಕ್ಕೆ ಸೈನ್ ಹಾಕೋ ಮುಂಚೆ ಮೂರು ದಿನ ಉಂಡಿರ್ಲಿಲ್ಲ. ‘ಬ್ಯಾಡ’ ಅಂತ ಎನ್ ಒತ್ತಿದೆ. ಹೊಸಾ ಡಿಸ್ಕಲ್ಲಿ ಯಾಕಪ್ಪಾ ಸೈನು ಅಂತ ಒಂದ್ ಗಳಿಗೆ ಯೋಚ್ನೆ ಮಾಡಿದ್ರೆ ಸಾಕಿತ್ತು. ಮಾಡ್ಲಿಲ್ಲ. ಎರಡ್ನೇ ಪಾಲು 4 ಜಿಬಿ, ಮೂರನೇದು ಮಿಕ್ಕಿದ್ದೆಲ್ಲಾ. ಕೊನೇಗೆ ‘ಡಬ್ಲ್ಯು’, ಅಂದ್ರೆ ಬರ್ದಾಕು. ಬರ್ದಾಕ್ತು. ಅಲ್ಲೀವರ್ಗೂ ‘ಕ್ಯು’ ಒತ್ತಿ ಈಚೆ ಬಂದಿದ್ರೆ ಏನೂ ಆಗ್ತಿರ್ಲಿಲ್ಲ. ಎಲ್ಲಾ ಬರೀ ಮಾತಲ್ಲೇ ಇರ್ತದೆ. ಡಬ್ಲ್ಯು ಒತ್ತಿದ್ಮೇಲೆ ರಿಜಿಸ್ಟ್ರಿ ಆದಂಗೆ.

ಆಮೇಲಿನ ಸಾಲು ‘ಎಂಕೆಎಫ್‌ಎಸ್ ಎಕ್ಸ್‌ಟಿ4’. ಪಾಲು ಮಾಡಿದ ನೆಲ ಹಸನು ಮಾಡೋದು. ಅದೂ ಒಂದು ಪ್ರಶ್ನೆ ಕೇಳ್ತು: ಇಲ್ಲಿ ‘ಸಿಸ್ಟಮ್ ರಿಸರ್ವ್ಡ್’ ಅಂತ ಹೆಸರಿರೋ ಎನ್‌ಟಿಎಫ್‌ಎಸ್ ಐತೆ, ಆದ್ರೂ ಮುಂದಕ್ಕೆ ಹೋಗ್ಲಾ?

ಸಿಸ್ಟಮ್ ರಿಸರ್ವ್ಡ್. ಆ ಎರಡು ಪದ ನಾನು ಹಳೇ ವಿಂಡೋಸಲ್ಲಿ ನೋಡಿದ್ದೆ. ಕೈ ಅಲ್ಲೇ ನಿಂತೋಯ್ತು. ‘ಎಲ್‌ಎಸ್‌ಬಿಎಲ್‌ಕೆ’ ಅಂತ ಇನ್ನೊಂದು ಸಾಲೈತೆ, ಯಾವ್ ಡಿಸ್ಕ್ ಎಷ್ಟು ದೊಡ್ದು ಅಂತ ತೋರ್ಸೋದು. ಅದನ್ನ ಎಲ್ಲಕ್ಕಿಂತ ಮೊದ್ಲು ಹೊಡೀಬೇಕಿತ್ತು, ಈಗ ಹೊಡ್ದೆ. ಎಸ್‌ಡಿಎ 298.1. ಎಸ್‌ಡಿಸಿ 223.6. ಡಬ್ಬಿ ಮೇಲೆ 320, 240 ಅಂತ ಬರೆಯೋರು ಸಾವಿರದ ಲೆಕ್ಕದಲ್ಲಿ ಬರೀತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ ಅಳೀತದೆ, ಅದಕ್ಕೇ ಕಮ್ಮಿ ಕಾಣ್ತದೆ. 298 ಅಂದ್ರೆ 320. ಅಂದ್ರೆ ಹಳೇದು. ಒಳಗಿರೋದು. ನಾನು ಪಾಲು ಪಟ್ಟಿ ಅಳ್ಸಿದ್ದು ಅದ್ರದ್ದೇ.

ಮಗನಿಗೆ ಫೋನ್ ಮಾಡ್ದೆ. ಎತ್ಲಿಲ್ಲ. ಹನ್ನೊಂದು ಗಂಟೆ. ಮತ್ತೆ ಮಾಡ್ದೆ, ಮೀಟಿಂಗ್ ಅಂತ ಮೆಸೇಜ್ ಬಂತು. ಸೋಫಾ ಮೇಲೆ ಕೂತ್ಕೊಂಡೆ. ಒಲೆ ಮೇಲೆ ಬೇಳೆ ಸೀದೋಗಿದ್ದು ಎದುರ್ಮನೆ ಅಕ್ಕ ಬಂದು ಹೇಳ್ದಾಗ್ಲೇ ಗೊತ್ತಾಗಿದ್ದು.

ಆ ಡಿಸ್ಕಲ್ಲಿ ಏನಿತ್ತು ಅಂತ ಈಗ ಹೇಳ್ತೀನಿ. ಫೋಟೋ ಹೋದ್ರೆ ಯಾರ್ದಾದ್ರೂ ಫೋನಲ್ಲಿ ಸಿಗ್ತದೆ. ಅಪ್ಪನ ದನಿ ಇತ್ತು.

ಅಪ್ಪ ಚಾಂಪಿಯನ್ ರೀಫ್ ಗಣೀಲಿ ಮರದ ಕೆಲ್ಸ. ಕಲ್ಲು ಕುಸೀದಂಗೆ ದಿಮ್ಮಿ ಕಟ್ಟೋ ಪಾರ್ಟಿ. ಆ ಗಣಿ ಸುಮಾರು 3,200 ಮೀಟರ್ ಆಳ, ಪ್ರಪಂಚದಲ್ಲೇ ಭಾಳ ಆಳದ ಗಣಿಗಳಲ್ಲಿ ಒಂದಾಗಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ತು. ಅಪ್ಪ ಆಮೇಲೂ ಸುಮಾರು ವರ್ಷ ಇದ್ರು, ಕೆಮ್ಕೊಂಡು. 2018ರ ಚಳೀಲಿ ಮಲಗಿದ್ರು. ಆಗ ನಾನು ರಾತ್ರಿ ಹೊತ್ತು ಫೋನ್ ದಿಂಬಿನ ಪಕ್ಕ ಮಡಗಿ ಮಾತಾಡಿಸ್ತಿದ್ದೆ. ಹನ್ನೊಂದು ರೆಕಾರ್ಡಿಂಗ್. ಕೇಜಲ್ಲಿ ಇಳಿಯೋವಾಗ ಕಿವಿ ಹೆಂಗೆ ಮುಚ್ಕೊಳ್ತದೆ, ಒಳಗೆ ಕಲ್ಲು ಸಿಡ್ದಾಗ ಮೇಲೆ ಲೈನ್ ಮನೆಗಳಲ್ಲಿ ಪಾತ್ರೆ ಅಲ್ಲಾಡಿ ಹೆಂಗಸ್ರೆಲ್ಲಾ ಶಾಫ್ಟ್ ಕಡೆ ಹೆಂಗೆ ಓಡೋರು, ಶಿವನಸಮುದ್ರದಿಂದ 1902ರಲ್ಲೇ ನಮ್ಮೂರಿಗೆ ಕರೆಂಟ್ ಬಂದಿದ್ದನ್ನ ಅವ್ರ ತಾತ ಹೆಂಗೆ ಹೇಳೋರು, ಎಲ್ಲಾ. 2019ರಲ್ಲಿ ಹೋದ್ರು. ಆ ಫೋನ್ ಆಮೇಲೆ ಕೆಟ್ಟೋಯ್ತು. ಉಳ್ದಿದ್ದು ಡಿ ಡ್ರೈವಲ್ಲಿ ಹಾಕಿದ್ದ ಆ ಒಂದೇ ಕಾಪಿ.

ಒಂದೇ ಕಾಪಿ ಯಾಕೆ? ಅದೇ ಹೇಳ್ಬೇಕಾಗಿರೋದು.

ಮುಳಬಾಗಿಲಲ್ಲಿರೋ ನನ್ ತಂಗಿ ನಾಕು ವರ್ಷದಿಂದ ಕೇಳ್ತಿದ್ಳು, ‘ಅಕ್ಕಾ, ಅಪ್ಪನ ಮಾತು ಕಳ್ಸೇ.’ ‘ಪೆನ್‌ಡ್ರೈವ್ ಇಲ್ಲ ಕಣೆ’, ‘ಮಿಷನ್ ಸ್ಲೋ ಕಣೆ’, ‘ಹಬ್ಬ ಮುಗೀಲಿ’ ಅಂತ ತಳ್ತಾ ಬಂದೆ. ಏಳನೇ ರೆಕಾರ್ಡಿಂಗ್‌ನಲ್ಲಿ, ಅರ್ಧದಲ್ಲಿ, ಅಪ್ಪ ಕೇಳ್ತಾರೆ, ‘ಚಿಕ್ಕೋಳು ಬಂದ್ಳಾ?’ ಆಗ ಸೈಟಿನ ಪಾಲಿನ ಜಗಳ ನಡೀತಿತ್ತು. ನಾನು ಹೇಳ್ತೀನಿ, ನನ್ ದನೀಲೇ ಐತೆ, ‘ಅವ್ಳು ಬರಲ್ಲ ಬುಡಪ್ಪ. ಅವ್ಳಿಗೆ ಸೈಟು ಬೇಕು, ನೀನ್ ಬ್ಯಾಡ.’ ಅಪ್ಪ ಏನೂ ಅನ್ನಲ್ಲ. ಕೆಮ್ತಾರೆ. ಅವತ್ತು ಬೆಳಿಗ್ಗೇನೇ ಅವ್ಳು ಫೋನ್ ಮಾಡಿ ‘ಅಪ್ಪನಿಗೆ ಕೊಡೇ’ ಅಂದಿದ್ಳು. ಮಲಗವ್ರೆ ಅಂತ ನಾನು ಕೊಡ್ಲಿಲ್ಲ. ಮಲಗಿರ್ಲಿಲ್ಲ.

ಸೋಫಾ ಮೇಲೆ ಕೂತಿದ್ದ ಆ ಎರಡೂವರೆ ಗಂಟೇಲಿ ಒಂದು ಸಲ, ಒಂದೇ ಸಲ, ನಂಗೆ ಅನ್ನಿಸ್ತು: ಹೋದ್ರೆ ಹೋಗ್ಲಿ, ಆ ಮಾತೂ ಹೋಗ್ತದಲ್ಲ. ಅಪ್ಪನ ಹನ್ನೊಂದು ರಾತ್ರಿ ಹೋದ್ರೂ ಪರ್ವಾಗಿಲ್ಲ, ನನ್ ಒಂದು ಮಾತು ಅಳಿಸೋಗ್ಲಿ ಅಂತ ನನ್ ಮನ್ಸು ಅಂತು. ಆಮೇಲೆ ಎದ್ದು ಬಚ್ಚಲಿಗೆ ಹೋಗಿ ಮುಖ ತೊಳ್ಕೊಂಡು ಬಂದೆ.

ಒಂದೂವರೆಗೆ ಮಗ ಫೋನ್ ಮಾಡ್ದ. ಎಲ್ಲಾ ಹೇಳ್ದೆ. ಬೈತಾನೆ ಅಂತಿದ್ದೆ. ಅವ್ನು ಒಂದೇ ಕೇಳ್ದ, ‘ಎಂಕೆಎಫ್‌ಎಸ್ ಮುಂದಕ್ಕೆ ಹೋಗ್ಲಾ ಅಂತ ಕೇಳ್ದಾಗ ಏನ್ ಒತ್ತಿದೆ?’ ‘ಏನೂ ಒತ್ತಿಲ್ಲ, ಆಮೇಲೆ ಎನ್ ಒತ್ತಿದೆ.’ ‘ಹಂಗಾದ್ರೆ ಐತಮ್ಮ. ಎಲ್ಲಾ ಅಲ್ಲೇ ಐತೆ. ಇನ್ನೇನೂ ಬರೀಬೇಡ ಅದ್ರ ಮೇಲೆ.’

ಇದು ನೀವೂ ನೆಪ್ಪಲ್ಲಿ ಮಡಗಿ. ಪಾಲು ಪಟ್ಟಿ ಸುಟ್ಟೋದ್ರೆ ಜಮೀನು ಸುಟ್ಟೋಗಲ್ಲ. ನಾನು ಅಳ್ಸಿದ್ದು 512 ಬೈಟಿನ ಆ ಚೀಟಿ ಮಾತ್ರ. ಬದುಗಳು, ಬಾಂದು ಕಲ್ಲುಗಳು ಇದ್ದಲ್ಲೇ ಅವೆ. ಒಂದೊಂದು ಪಾಲಿನ ಶುರೂಲೂ ಅದ್ರದ್ದೇ ಒಂದು ತಲೆತುಂಡು ಇರ್ತದೆ, ‘ನಾನು ಎನ್‌ಟಿಎಫ್‌ಎಸ್ಸು, ನನ್ ಉದ್ದ ಇಷ್ಟು’ ಅಂತ ಬರ್ಕೊಂಡು. ಎನ್‌ಟಿಎಫ್‌ಎಸ್ ಅದ್ರ ನಕಲನ್ನ ಪಾಲಿನ ಕೊನೇಲೂ ಮಡಗಿರ್ತದೆ. ಟೆಸ್ಟ್‌ಡಿಸ್ಕ್ ಅಂತ ಒಂದು ಪ್ರೋಗ್ರಾಂ ಐತೆ, ಬಿಟ್ಟಿ ಸಿಗ್ತದೆ. ಅದು ಸರ್ವೆಯವ್ನ ಹಂಗೆ ಇಡೀ ಡಿಸ್ಕ್ ನಡ್ಕೊಂಡೋಗಿ ಕಲ್ಲುಗಳನ್ನ ಹುಡುಕ್ತದೆ. ಆದ್ರೆ ಹೊಸ ಬೆಳೆ ಇಟ್ಬಿಟ್ರೆ ಕಲ್ಲೂ ಕಿತ್ತೋಗ್ತದೆ. ಅದಕ್ಕೇ ಅವ್ನು ಬರೀಬೇಡ ಅಂದಿದ್ದು.

ಫೋನಿನ ನೆಟ್ಟನ್ನ ಕೇಬಲಲ್ಲಿ ಕೊಟ್ಟು ಟೆಸ್ಟ್‌ಡಿಸ್ಕ್ ಇಳ್ಸಿದೆ. ಅವ್ನು ಆಫೀಸಿನ ಮೆಟ್ಲು ಮೇಲೆ ಕೂತು ಒಂದೊಂದೇ ಹೇಳ್ದ. ಮೊದ್ಲು ಡಿಸ್ಕ್ ಆರಿಸೋದು. ಈ ಸಲ 320 ಅಂತ ಮೂರು ಸಲ ಓದಿ ಹೇಳಿಸ್ಕೊಂಡ. ಆಮೇಲೆ ‘ಅನಲೈಸ್’, ಆಮೇಲೆ ‘ಕ್ವಿಕ್ ಸರ್ಚ್’. ಸ್ವಲ್ಪ ಹೊತ್ತಿಗೆ ಮೂರು ಸಾಲು ಬಂತು. ಸಣ್ಣದೊಂದು 100 ಎಂಬಿ, ಆಮೇಲೆ ಸಿ, ಆಮೇಲೆ ಡಿ. ಡಿ ಮೇಲೆ ನಿಂತು ‘ಪಿ’ ಒತ್ತು ಅಂದ. ಒತ್ತಿದ್ರೆ ಒಳಗಿರೋ ಫೋಲ್ಡರ್‌ಗಳು ಕಾಣ್ತವೆ. ‘ಚೀಟಿ’, ‘ಅರ್ಜಿ’, ‘ಅಪ್ಪ’.

ಏನೂ ಮಾತಾಡ್ಲಿಲ್ಲ ನಾನು. ಅವ್ನೇ ‘ಅಮ್ಮ? ಅಮ್ಮ ಇದೀಯಾ?’ ಅಂತಿದ್ದ.

‘ರೈಟ್’ ಅಂತ ಒತ್ತಿ ಹಳೇ ಪಟ್ಟಿ ವಾಪಸ್ ಬರೆಸ್ದೆ. ರಾತ್ರಿ ಅವ್ನು ಬಂದ್ಮೇಲೆ ಪೆನ್‌ಡ್ರೈವಿಂದಾನೇ ಮಿಷನ್ ಎಬ್ಬಿಸಿ, ಡಿ ಪಾಲನ್ನ ಬರೀ ಓದೋಕೆ ಮಾತ್ರ ಅಂತ ತೆಗ್ದು, ಎಲ್ಲಾನೂ ಎರಡು ಕಡೆ ಕಾಪಿ ಮಾಡಿದ್ವಿ. ಆಮೇಲೆ ಸುಮ್ನೆ ನೋಡಣ ಅಂತ ಪೆನ್‌ಡ್ರೈವ್ ಕಿತ್ತು ಆನ್ ಮಾಡ್ದೆ. ವಿಂಡೋಸ್ ಬರ್ಲಿಲ್ಲ. ಕಪ್ಪು ಪರದೆ, ಮೂಲೇಲಿ ಒಂದು ಗೀಟು ಮಿಟುಕ್ತಾ ಕೂತಿತ್ತು. ಪಟ್ಟಿ ಬಂತಲ್ಲ, ಇನ್ಯಾಕೆ ಎದ್ದೇಳಲ್ಲ ಅಂದೆ. 512ರಲ್ಲಿ 64 ವಾಪಸ್ ಬಂದಿತ್ತು, ಎಬ್ಬಿಸೋ 446 ಬಂದಿರ್ಲಿಲ್ಲ. ಎಫ್‌ಡಿಸ್ಕಲ್ಲಿ ‘ಒ’ ಒತ್ತಿದಾಗ್ಲೇ ಅದೂ ಅಳಿಸೋಗಿತ್ತು. ‘ಅದನ್ನೂ ಸರಿ ಮಾಡ್ಬೋದು, ಮಾಡ್ಲಾ?’ ಅಂದ. ಬ್ಯಾಡ ಅಂದೆ. ಮುದ್ಕಿ ಮಲಗ್ಲಿ.

ಮಾರನೇ ದಿನ ರಾಬರ್ಟ್‌ಸನ್‌ಪೇಟೆಗೆ ಹೋಗಿ ಒಂದು ರಿಪೇರಿ ಅಂಗ್ಡೀಲಿ ಆ ಏಳನೇ ಸ್ಕ್ರೂ ತೆಗೆಸ್ದೆ. ಎರಡೇ ನಿಮಿಷ. ರಬ್ಬರ್ ಬ್ಯಾಂಡ್ ಒಂದನ್ನ ಸ್ಕ್ರೂ ತಲೆ ಮೇಲೆ ಮಡಗಿ, ಅದ್ರ ಮೇಲೆ ಸ್ಕ್ರೂಡ್ರೈವರ್ ಒತ್ತಿ ತಿರುಗಿಸ್ದ ಹುಡ್ಗ. ರಬ್ಬರ್ ಬ್ಯಾಂಡ್ ನಮ್ಮನೆ ಬಾಗ್ಲು ಚಿಲಕದಲ್ಲಿ ಇಪ್ಪತ್ತು ನೇತಾಡ್ತವೆ!

ಹೊಸ್ದು ಒಳಗೆ ಕೂತ್ಮೇಲೆ, ಹಳೇದನ್ನ ಬೀರುವಿನಲ್ಲಿ ಮಡಗಿ ಬೀಗ ಹಾಕಿ, ಮತ್ತೆ ಕೂತೆ. ಈ ಸಲ ಮೊದ್ಲು ಎಲ್‌ಎಸ್‌ಬಿಎಲ್‌ಕೆ. 223.6 ಎಸ್‌ಡಿಎ. ಅಳತೆ ನೋಡಿ, ಹೆಸ್ರು ನೋಡಿ, ಕ್ಯಾಲೆಂಡರ್ ಹಾಳೇಲಿ ಟಿಕ್ ಹಾಕ್ದೆ. ಆಮೇಲೆ ಎಫ್‌ಡಿಸ್ಕ್. 40 ಜಿಬಿ ಸಿಸ್ಟಮ್ಮಿಗೆ, 4 ಜಿಬಿ ಸ್ವಾಪಿಗೆ, ಮಿಕ್ಕಿದ್ದೆಲ್ಲಾ ನಮ್ಮ ಸಾಮಾನಿಗೆ. ರ‍್ಯಾಮ್ ತುಂಬಿದಾಗ ಸಾಮಾನು ಎತ್ತಿಡೋ ಅಟ್ಟ ಅಂದ್ಕೊಳ್ಳಿ ಸ್ವಾಪನ್ನ. ಸಾಮಾನಿಗೆ ಬೇರೆ ಪಾಲು ಯಾಕಂದ್ರೆ, ನಾಳೆ ಸಿಸ್ಟಮ್ ಕೆಟ್ಟು ಹೊಸ್ದಾಗಿ ಹಾಕ್ಬೇಕಾದ್ರೆ ನಮ್ಮ ಫೈಲ್ ಮುಟ್ಟಂಗಿಲ್ಲ. ಅಡುಗೆ ಮನೆಗೆ ಸುಣ್ಣ ಹೊಡಿಯೋಕೆ ದೇವರ ಮನೆ ಖಾಲಿ ಮಾಡಲ್ವಲ್ಲ, ಹಂಗೆ.

ಮೊದಲ್ನೇ ಪಾಲು 2048ನೇ ತುಂಡಿಂದ ಶುರುವಾಗ್ತದೆ ಅಂತ ಅದೇ ತೋರಿಸ್ತು. ಹಿಂದೆ ಒಂದು ಎಂಬಿಯಷ್ಟು ಜಾಗ ಯಾಕ್ ಬಿಡೋದು ಅಂತ ಕೇಳಿದ್ದಕ್ಕೆ ಮಗ ಹೇಳಿದ್ದು ನಂಗೆ ಗಣಿ ನೆಪ್ಪು ತಂತು. ಶಿಫ್ಟಿಗೆ ಹೋಗೋನು ನೆಟ್ಗೆ ಕಲ್ಲಿನ ಹತ್ರ ಹೋಗಲ್ಲ. ಗೇಟು, ಟೋಕನ್ನು, ಕೇಜು, ಆಮೇಲೆ ಅವ್ನ ಲೆವೆಲ್ಲು. ಮಿಷನ್ನೂ ಹಂಗೇ. ಆನ್ ಮಾಡ್ದಾಗ ಬಯೋಸ್ ಅನ್ನೋ ಗೇಟ್‌ನವ್ನಿಗೆ ಡಿಸ್ಕಿನ ಮೊದಲ 512 ಬಿಟ್ರೆ ಏನೂ ಓದೋಕೆ ಬರಲ್ಲ. ಆ 446 ಬೈಟಲ್ಲಿ ‘ಪಕ್ಕದ ಕೋಣೇಗೆ ಹೋಗು’ ಅಂತ ಹೇಳೋಷ್ಟೇ ಜಾಗ. ಪಕ್ಕದ ಕೋಣೆ ಅಂದ್ರೆ ಆ ಬಿಟ್ಟಿರೋ ಒಂದು ಎಂಬಿ. ಅಲ್ಲಿ ಗ್ರಬ್ ಅನ್ನೋ ಪ್ರೋಗ್ರಾಮಿನ ದೊಡ್ಡ ತುಂಡು ಕೂತಿರ್ತದೆ. ಅದಕ್ಕೆ ಪಾಲಿನ ಒಳ್ಗೆ ಹೋಗಿ ಫೈಲ್ ಓದೋಕೆ ಬರ್ತದೆ. ಅದು ಲಿನಕ್ಸನ್ನ ಕೈ ಹಿಡ್ದು ಎಬ್ಬಿಸ್ತದೆ.

ಡಿಬೂಟ್‌ಸ್ಟ್ರಾಪ್ ಅನ್ನೋ ಸಾಲು ಹೊಡ್ದು ಡೆಬಿಯನ್ ಇಳ್ಸೋಕೆ ಮುಕ್ಕಾಲು ಗಂಟೆ ಹಿಡೀತು, ನಮ್ ಅಂಡರ್ಸನ್‌ಪೇಟೆ ನೆಟ್ಟಲ್ಲಿ. ಆಮೇಲೆ ಯಾವ್ ಪಾಲು ಎಲ್ಲಿ ಕೂರ್ಬೇಕು ಅಂತ ‘ಎಫ್‌ಎಸ್‌ಟ್ಯಾಬ್’ ಫೈಲಲ್ಲಿ ಬರೀಬೇಕು. ಅಲ್ಲಿ ಎಸ್‌ಡಿಎ ಅಂತ ಬರೀಲಿಲ್ಲ, ನಂಗೆ ಆ ಹೆಸ್ರಿನ ಮೇಲೆ ನಂಬ್ಕೆ ಹೋಗಿತ್ತು. ‘ಬಿಎಲ್‌ಕೆಐಡಿ’ ಹೊಡೆದ್ರೆ ಒಂದೊಂದು ಪಾಲಿಗೂ ಒಂದು ಉದ್ದದ ನಂಬರ್ ಕೊಡ್ತದೆ, ಯುಯುಐಡಿ ಅಂತ. ಸರದಿ ಬದ್ಲಾದ್ರೂ ಆ ನಂಬರ್ ಬದ್ಲಾಗಲ್ಲ. ಅದನ್ನೇ ಬರ್ದೆ. ಕೊನೇಗೆ ‘ಗ್ರಬ್ ಇನ್‌ಸ್ಟಾಲ್’. ಇಲ್ಲೂ ಒಂದ್ ಎಡವಟ್ಟು, ಎಸ್‌ಡಿಎ1 ಅಂತ ಹೊಡ್ದೆ. ಆಗಲ್ಲ ಅಂತ ಅದೇ ಹಟ ಹಿಡ್ದು ನಿಂತು ಎರರ್ ಕೊಡ್ತು. ಗ್ರಬ್ ಕೂರೋದು ಪಾಲಲ್ಲಿ ಅಲ್ಲ, ಇಡೀ ಡಿಸ್ಕಿನ ತಲೇಲಿ. ಅದಕ್ಕೆ ನಂಬರ್ ಇಲ್ದೆ ಬರೀ ಎಸ್‌ಡಿಎ. ಆಮೇಲೆ ‘ಅಪ್‌ಡೇಟ್ ಗ್ರಬ್’. ಪೆನ್‌ಡ್ರೈವ್ ಕಿತ್ತು ಆನ್ ಮಾಡ್ದೆ. ಹಾಲು ಒಲೆ ಮೇಲಿಟ್ಟು ಬರೋಷ್ಟ್ರಲ್ಲಿ ಎದ್ದು ಹೆಸ್ರು ಕೇಳ್ತಾ ನಿಂತಿತ್ತು. ಈ ಬರಹ ಅದ್ರಲ್ಲೇ, ಕೆಜಿಪಿ ಕೀಲಿಮಣೇಲಿ ಟೈಪ್ ಮಾಡ್ತಿರೋದು.

ಆ ಭಾನುವಾರ ಮುಳಬಾಗಿಲಿಗೆ ಹೋದೆ. ಹನ್ನೊಂದೂ ಹಾಕಿದ್ದ ಪೆನ್‌ಡ್ರೈವ್ ತಗೊಂಡು. ಏಳನೇದನ್ನ ಕತ್ತರಿಸಿ ಕೊಡ್ಬೋದಾಗಿತ್ತು, ಮಗನಿಗೆ ಹೇಳಿದ್ರೆ ಎರಡು ನಿಮಿಷದ ಕೆಲ್ಸ. ಕತ್ತರಿಸ್ಲಿಲ್ಲ. ತಂಗಿ ಊಟಕ್ಕೆ ಇಟ್ಳು, ಹುರುಳಿ ಸಾರು, ಮುದ್ದೆ. ‘ಏಳನೇದು ಒಬ್ಳೇ ಇದ್ದಾಗ ಕೇಳು’ ಅಂತ ಹೇಳಿ ಬಂದೆ. ಬಸ್ಸಲ್ಲಿ ಬರೋವಾಗ ಫೋನ್ ಕೈಯಲ್ಲೇ ಹಿಡ್ಕೊಂಡಿದ್ದೆ. ಅವತ್ತು ಮಾಡ್ಲಿಲ್ಲ, ಮಾರನೇ ದಿನಾನೂ ಮಾಡ್ಲಿಲ್ಲ.

ಬುಧವಾರ ಮಾಡಿದ್ಳು. ‘ಕೇಳ್ದೆ’ ಅಂದ್ಳು. ನಾನು ಸುಮ್ನಿದ್ದೆ. ‘ಅವತ್ತು ನಾನು ಫೋನ್ ಮಾಡಿದ್ನಲ್ಲಾ ಅಕ್ಕಾ’ ಅಂದ್ಳು. ‘ಮಾಡಿದ್ದೆ’ ಅಂದೆ. ‘ಅಪ್ಪ ಮಲಗಿರ್ಲಿಲ್ಲ ಕಣೆ. ನಾನೇ ಕೊಡ್ಲಿಲ್ಲ.’ ಭಾಳ ಹೊತ್ತು ಅವ್ಳ ಮನೆ ಮಿಕ್ಸಿ ಸದ್ದು ಕೇಳ್ತಿತ್ತು, ಸೊಸೆ ಏನೋ ರುಬ್ತಿದ್ಳು. ಆಮೇಲೆ, ‘ನನ್ನ ಕೇಳಿದ್ರಲ್ಲ ಅಪ್ಪ’ ಅಂದ್ಳು. ‘ಕೇಳಿದ್ರು.’ ‘ಅದನ್ನ ಅಳಿಸ್ಬೇಡ ಅಕ್ಕಾ. ನಿನ್ ಹತ್ರಾನೂ ಇರ್ಲಿ.’ ಅಷ್ಟೇ ಮಾತಾಡಿದ್ದು. ಇನ್ನೂ ಅವ್ಳಿಗೆ ನನ್ ಮೇಲೆ ಕೋಪ ಐತೆ, ಇರ್ಬೇಕಾದ್ದೇ. ಇದನ್ನ ಹಾಕೋ ಮುಂಚೆ ಅವ್ಳಿಗೆ ಓದಿ ಹೇಳಿದೀನಿ. ಹಾಕು ಅಂದ್ಳು, ಮುದ್ದೆ ಜೊತೆ ಹುರುಳಿ ಸಾರು ಅಂತ ಬರ್ದಿರೋದು ತಪ್ಪು, ಅದು ಬಸ್ಸಾರು ಅಂದ್ಳು. ಸರಿ, ಬಸ್ಸಾರು.

ಈಗ ನಿಮ್ಗೆ ಹೇಳೋದು. ಒಂದು, ಯಾವ್ದೇ ಮುಖ್ಯವಾದ್ದು ಒಂದೇ ಕಡೆ ಮಡಗ್ಬೇಡಿ. ಮೂರು ಕಡೆ ಮಡಗಿ, ಒಂದು ಬೇರೆ ಊರಲ್ಲಿರ್ಲಿ. ನಮ್ದು ಈಗ ಮುಳಬಾಗಿಲಲ್ಲಿ ಐತೆ. ಎರಡು, ಮಿಷನ್ ‘ಮುಂದಕ್ಕೆ ಹೋಗ್ಲಾ’ ಅಂತ ಕೇಳಿದ್ರೆ ಅದು ಮರ್ಯಾದೆಗೆ ಕೇಳೋದಲ್ಲ, ನಿಂತು ಓದಿ. ಮೂರು, ಕೈ ತಪ್ಪಿ ಏನಾದ್ರೂ ಅಳಿಸೋದ್ರೆ ಅದ್ರ ಮೇಲೆ ಏನೂ ಬರೀದೆ ಸುಮ್ನೆ ಬಿಟ್ಟು, ತಿಳಿದೋರನ್ನ ಕೇಳಿ. ಭಾಳ ಸಲ ಇದ್ದಲ್ಲೇ ಇರ್ತದೆ.

ಎದುರ್ಮನೆ ಅಕ್ಕ ಅವ್ಳ ಗಂಡನ ಪೆನ್ಷನ್ ಪೇಪರ್ ಎತ್ಗೊಂಡು ಬಾಗ್ಲಲ್ಲಿ ನಿಂತವ್ಳೆ. ಬರ್ತೀನಿ. ಮುಂದಿನ ಸಲ ಬಸ್ಸಾರು ಬರೀತೀನಿ, ತಂಗಿ ಹೇಳಿದ್ ಅಳತೇಲೇ.